ನಾಯಕತ್ವಕ್ಕೆ ಬದಲಿ ಆಳು

ಒಬ್ಬ ಮನುಷ್ಯ ನಾಯಕನಾಗಲು ನಲವತ್ತು ಗಂಟೆ ಬೇಕು, ಅದರಲ್ಲಿ ಊಟ ನಿದ್ದೆಗಳೂ ಸೇರಿವೆ ಎಂಬುದು ನನಗೆ ತಿಳಿದದ್ದು ಎಂ.ಬಿ.ಎ. ಓದುವಾಗ. ಸಾಗರದಲ್ಲಿದ್ದ ನಮ್ಮ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರಕ್ಕೆ ಆ ವರ್ಷ ಮೌಲ್ಯಮಾಪನ ತಂಡ ಬರುವುದಿತ್ತು. ತಂಡ ಬರುತ್ತದೆ ಎಂದು ಗೊತ್ತಾದಾಗ ಮೊದಲು ಗೋಡೆಗೆ ಬಣ್ಣ ಬಳಿದರು. ಆಮೇಲೆ ಹೂಕುಂಡ ತಂದಿಟ್ಟರು. ಅಷ್ಟಾದ ಮೇಲೂ ಕಟ್ಟಡದಲ್ಲಿ ಏನೋ ಕೊರತೆ ಕಂಡದ್ದರಿಂದ ವಿದ್ಯಾರ್ಥಿಗಳನ್ನು ನಾಯಕರನ್ನಾಗಿ ಮಾಡಲು ಹೊರಟರು.

ಕಾರ್ಯಕ್ರಮ ಆರಿಸಿಕೊಳ್ಳಿ ಎಂದು ನಮ್ಮನ್ನೆಲ್ಲ ಸಭಾಂಗಣದಲ್ಲಿ ಕೂರಿಸಿದ ದಿನ ಹೊರಗೆ ಜೋರು ಮಳೆ ಇತ್ತು ಎಂದು ನನ್ನ ನೆನಪು. ಡೈರಿ ತೆಗೆದು ನೋಡಿದರೆ ಅದು ಫೆಬ್ರವರಿ. ಫೆಬ್ರವರಿಯಲ್ಲಿ ಹಾಗೆ ಮಳೆ ಬಂದಿದ್ದರೆ ಅಡಿಕೆ ಒಣಹಾಕಿದವರ ಬೈಗುಳವಾದರೂ ಡೈರಿಯಲ್ಲಿ ಇರುತ್ತಿತ್ತು. ನಮ್ಮ ಕಡೆಯವರ ನೆನಪಿಗೆ ಇದೊಂದು ಕೆಟ್ಟ ಅಭ್ಯಾಸ. ಏನನ್ನೇ ನೆನೆಸಿಕೊಂಡರೂ ಅದರ ಮೇಲೆ ಒಂದಿಷ್ಟು ಮಳೆ ಸುರಿಸಿಬಿಡುತ್ತದೆ. ಆದ್ದರಿಂದ ಮುಂದೆ ಹೇಳುವುದರಲ್ಲಿ ಡೈರಿಯಲ್ಲಿದ್ದದ್ದು ಯಾವುದು, ನಾನು ಆಮೇಲೆ ಸೇರಿಸಿಕೊಂಡದ್ದು ಯಾವುದು ಎಂದು ಆದಷ್ಟು ಬೇರೆ ಮಾಡುತ್ತೇನೆ. ಪೂರ್ತಿ ಬೇರೆ ಮಾಡಬಲ್ಲೆ ಎಂಬ ಧೈರ್ಯವಿಲ್ಲ.

ಆಯ್ಕೆಗೆ ಇದ್ದದ್ದು ಎರಡು. ಒಂದು ವಿದ್ಯಾರ್ಥಿ ನಾಯಕತ್ವ ಕಾರ್ಯಕ್ರಮ. ಅದಕ್ಕೆ ಟೀ ಶರ್ಟು, ಬೆಂಗಳೂರಿನಿಂದ ಬರುವ ತರಬೇತುದಾರ, ಎರಡು ದಿನದ ಶಿಬಿರ, ಕೊನೆಗೆ ಪ್ರಮಾಣಪತ್ರ. ಇನ್ನೊಂದು ಮೆಂಟರ್ ಕಾರ್ಯಕ್ರಮ. ಅದರಲ್ಲಿ ಸುತ್ತಲಿನ ಊರುಗಳ ಎಂಟು ಮಂದಿ ಉದ್ಯಮಿಗಳ ಬಳಿ ಎಂಟು ಮಂದಿ ವಿದ್ಯಾರ್ಥಿಗಳು ಮೂರು ತಿಂಗಳು ಪ್ರತಿ ಶನಿವಾರ ಹೋಗಿ ಕಲಿಯಬೇಕು. ಒಬ್ಬ ಮೆಂಟರ್‌ಗೆ ಒಬ್ಬರೇ ವಿದ್ಯಾರ್ಥಿ, ಒಬ್ಬ ವಿದ್ಯಾರ್ಥಿಗೆ ಒಂದೇ ಕಾರ್ಯಕ್ರಮ. ಮೆಂಟರ್‌ಗಳನ್ನು ಅರ್ಜಿ ನೋಡಿ ಹಂಚುತ್ತಾರೆ. ಅದರಲ್ಲಿ ಸಿಗದೆ ಉಳಿದವರೆಲ್ಲ ನಾಯಕರು.

ಎಂಟು ಮೆಂಟರ್‌ಗಳ ಪರಿಚಯವನ್ನು ಹಾಳೆಗಳಲ್ಲಿ ಮುದ್ರಿಸಿ ಹಂಚಿದರು. ಏಳು ಜನ ಇಂಗ್ಲಿಷಿನಲ್ಲಿ ತಮ್ಮ ಕನಸು, ಧ್ಯೇಯ, ಪಯಣ ಎಲ್ಲವನ್ನೂ ಬರೆಸಿ ಕಳಿಸಿದ್ದರು. ಎಂಟನೆಯವರು ತೀರ್ಥಹಳ್ಳಿಯ ಹತ್ತಿರ ಅಡಿಕೆ ಮರದಿಂದ ಉದುರುವ ಹಾಳೆಯಿಂದ ಊಟದ ತಟ್ಟೆ ತಯಾರಿಸುವ ಒಬ್ಬ ಹೆಂಗಸು. ಅವರದ್ದು ಕೈಬರಹದ ನಾಲ್ಕು ಸಾಲು. ‘ತಟ್ಟೆ ಮಾಡುವುದು ಕಲಿಸುತ್ತೇನೆ. ಹೊಸ ಮಷಿನ್ ಬರುತ್ತಿವೆ. ಹಳೇ ಎರಡು ಮಷಿನ್ ಚೆನ್ನಾಗಿವೆ. ಕಲಿತ ಹುಡುಗಿಗೆ ಬಿಟ್ಟುಕೊಡುತ್ತೇನೆ.’

ಇದನ್ನು ಓದಿದ್ದೇ ನನ್ನ ಪಕ್ಕದಲ್ಲಿ ಕೂತಿದ್ದ ಗೆಳತಿ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು. ಅವಳು ಹೊಸನಗರ ತಾಲ್ಲೂಕಿನ ಜೈನರ ಮನೆಯವಳು. ಸಾಗರದಲ್ಲಿ ನಾವಿಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿದ್ದೆವು. ನಾನು ಆನಂದಪುರದ ಕಡೆಯವಳು. ಬಿ.ಕಾಂ. ಮುಗಿಸಿದ ಮೇಲೆ ಬೇರೇನೂ ತೋಚದೆ ಎಂ.ಬಿ.ಎ.ಗೆ ಬಂದವಳು. ಅವಳು ಬಂದದ್ದೇ ತಟ್ಟೆ ಮಾಡಲು.

“ನಮ್ಮನೇಲಿ ವರ್ಷಕ್ಕೆ ಅಷ್ಟೊಂದು ಹಾಳೆ ಬೀಳುತ್ತೆ, ಎಲ್ಲಾ ಬಚ್ಚಲ ಒಲೆಗೆ,” ಎಂದು ಮೊದಲ ವಾರವೇ ಹೇಳಿದ್ದಳು. “ಬೆಳಿಗ್ಗೆ ಸ್ನಾನಕ್ಕೆ ಹೋದ್ರೆ ನನ್ನ ಫ್ಯಾಕ್ಟ್ರೀನೇ ಉರೀತಿರುತ್ತೆ ಕಣೇ.”

ಅವಳ ಅಪ್ಪ ಮಷಿನ್ ಕೊಡಿಸುವುದಿಲ್ಲ ಎಂದಿರಲಿಲ್ಲ. ಒಂದು ಮಷಿನ್ ನಡೆಸಿ ತೋರಿಸು, ಆಮೇಲೆ ನೋಡೋಣ ಎಂದಿದ್ದರು. ಮಷಿನ್ ಇಲ್ಲದೆ ಮಷಿನ್ ನಡೆಸಿ ತೋರಿಸುವ ವಿದ್ಯೆಯನ್ನು ನಮ್ಮ ಪಠ್ಯದಲ್ಲಿ ಇಟ್ಟಿರಲಿಲ್ಲ. ಕೋರ್ಸ್ ಮುಗಿಯುವುದರೊಳಗೆ ಏನಾದರೂ ಆಗದಿದ್ದರೆ ಅವಳು ಶಿವಮೊಗ್ಗದ ಯಾವುದೋ ಶೋರೂಮಿನಲ್ಲಿ ಕಾರಿನ ಬಾಗಿಲು ತೆಗೆದು ನಗುತ್ತಾ ನಿಲ್ಲುವ ಕೆಲಸಕ್ಕೆ ಹೋಗಬೇಕಿತ್ತು. ಹಾಗಾಗಿ ಆ ನಾಲ್ಕು ಸಾಲು ಅವಳಿಗೇ ಬರೆದ ಕಾಗದದಂತಿತ್ತು. ಸಭಾಂಗಣದಿಂದ ಕೋಣೆಗೆ ಬರುವಷ್ಟರಲ್ಲಿ ಎರಡು ಮಷಿನ್‌ಗಳನ್ನು ತನ್ನ ಮನೆಯ ಯಾವ ಮೂಲೆಯಲ್ಲಿ ಇಡಬೇಕು, ಹಾಳೆ ನೆನೆಸುವ ತೊಟ್ಟಿ ಎಲ್ಲಿ ಕಟ್ಟಿಸಬೇಕು ಎಂಬುದನ್ನೆಲ್ಲ ನನಗೆ ವಿವರಿಸಿ ಆಗಿತ್ತು.

ಈಗ ನಾನು ಮಾಡಿದ್ದನ್ನು ಹೇಳಬೇಕು. ಅರ್ಜಿಯಲ್ಲಿ ಮೊದಲ ಆಯ್ಕೆಯ ಜಾಗದಲ್ಲಿ ನಾನೂ ಆ ತೀರ್ಥಹಳ್ಳಿಯ ಹೆಂಗಸನ್ನೇ ಬರೆದೆ.

ಅವಳ ಉತ್ಸಾಹ ನನಗೂ ತಗುಲಿತ್ತು, ಯೋಚನೆ ಮಾಡದೆ ಬರೆದುಬಿಟ್ಟೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಆ ವಾರದ ಡೈರಿಯಲ್ಲಿ ಹೀಗಿದೆ: ‘ಇವಳು ಆ ಮಷಿನ್‌ಗಳು ಆಗಲೇ ತನ್ನ ಅಂಗಳಕ್ಕೆ ಬಂದು ಇಳಿದಿವೆ ಎನ್ನುವ ಹಾಗೆ ಮಾತಾಡುತ್ತಾಳೆ.’ ಯೋಚನೆ ಮಾಡದವಳು ಬರೆಯುವ ವಾಕ್ಯ ಇದಲ್ಲ. ‘ಈ ಮೆಂಟರನ್ನೇ ಏಕೆ ಆರಿಸಿಕೊಂಡಿರಿ’ ಎಂಬ ಪ್ರಶ್ನೆಗೆ ಅವಳು ಮೂರು ಸಾಲು ಬರೆದಳು. ಅವಳಿಗೆ ಅದು ವಿವರಿಸುವ ವಿಷಯವೇ ಆಗಿರಲಿಲ್ಲ. ನಾನು ಒಳ್ಳೆಯ ಇಂಗ್ಲಿಷಿನಲ್ಲಿ ಎರಡು ಪುಟ ಬರೆದೆ. ಹಾಳೆ ಬಚ್ಚಲ ಒಲೆಯಲ್ಲಿ ಉರಿಯುವುದನ್ನು ಕಂಡು ಬಾಲ್ಯದಿಂದಲೂ ನನ್ನ ಮನಸ್ಸು ಹೇಗೆ ನೊಂದಿದೆ ಎಂದು ಬರೆದೆ. ನಮ್ಮ ಮನೆಯ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇತ್ತು.

ಪಟ್ಟಿ ಬಂತು. ತೀರ್ಥಹಳ್ಳಿಯ ಮೆಂಟರ್ ನನಗೆ. ನನ್ನ ಗೆಳತಿ ನಾಯಕಿ.

ಅವಳು ಪಟ್ಟಿಯನ್ನು ಎರಡು ಸಲ ಓದಿ, ನನ್ನ ಕಡೆ ತಿರುಗಿ, “ನೀನೂ ಅದನ್ನೇ ಹಾಕಿದ್ಯಾ?” ಎಂದಳು.

“ಹೂಂ. ನೀ ಅಷ್ಟು ಹೇಳ್ತಿದ್ಯಲ್ಲ, ಚೆನ್ನಾಗಿರ್ಬಹುದು ಅನ್ಸ್ತು.”

“ಹೌದು, ಚೆನ್ನಾಗಿರುತ್ತೆ,” ಎಂದಳು. ಅಷ್ಟೇ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅಂಥ ಅನುಕೂಲವನ್ನು ಅವಳು ಮಾಡಿಕೊಡಲಿಲ್ಲ. ಎರಡು ದಿನ ಅವಳೇ ಅನ್ನ ಬಸಿದಳು, ಅವಳೇ ಕೋಣೆ ಗುಡಿಸಿದಳು. ಮೂರನೆಯ ದಿನ ನಾಯಕತ್ವ ಶಿಬಿರದ ವೇಳಾಪಟ್ಟಿ ಕೈಗೆ ಬಂತು. ಅದನ್ನು ನೋಡುತ್ತಾ ನಕ್ಕಳು.

“ಊಟ ಒಂಬತ್ತಕ್ಕಂತೆ. ಸೂರ್ಯ ಮುಳುಗಿದ್ಮೇಲೆ ನಾ ಬಾಯಿಗೆ ಏನೂ ಹಾಕಲ್ಲ ಅಂತ ಇವ್ರಿಗೆ ಯಾರ್ ಹೇಳ್ತಾರೆ? ನಾಯಕಿ ಆಗಕ್ಕೆ ಉಪವಾಸ ಬೀಳ್ಬೇಕಾ ಮಾರಾಯ್ತಿ?” ಆಮೇಲೆ ವೇಳಾಪಟ್ಟಿಯನ್ನು ಮಡಚಿ ನನ್ನ ಕೈಗಿಟ್ಟು, “ಮುಯ್ಯಾಳು ಮಾಡ್ಕಳಣ ಕಣೇ. ನಿನ್ ಶನಿವಾರಕ್ಕೆ ನಾ ಹೋಗ್ತೀನಿ. ನನ್ ಶಿಬಿರಕ್ಕೆ ನೀ ಹೋಗು,” ಎಂದಳು.

ಮುಯ್ಯಾಳು ಎಂದರೆ ನಮ್ಮ ಕಡೆ ನಾಟಿ, ಕೊಯ್ಲಿನ ಕಾಲದಲ್ಲಿ ಮನೆ ಮನೆಗಳ ನಡುವೆ ನಡೆಯುವ ಆಳಿನ ಬದಲಾವಣೆ. ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯಿಂದ ಒಬ್ಬರು ಬಂದರೆ, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಒಬ್ಬರು. ಬಂದವರು ಯಾರು ಎಂಬುದು ಮುಖ್ಯವಲ್ಲ. ಅಮ್ಮನಿಗೆ ಆಗದಿದ್ದರೆ ಅತ್ತಿಗೆ ಬರುತ್ತಾಳೆ, ಅತ್ತಿಗೆಗೂ ಆಗದಿದ್ದರೆ ಚಿಕ್ಕಪ್ಪ. ಮನೆಯಿಂದ ಒಂದು ಆಳು ಬಂತು ಎಂದರೆ ಮುಗಿಯಿತು. ನಿನ್ನೆ ಹೇಳಿದವರೇ ಬರಲಿಲ್ಲವಲ್ಲ ಎಂದು ಯಾರಾದರೂ ಕೇಳಿದ್ದನ್ನು ನಾನು ಕಂಡಿಲ್ಲ. ಇದರಲ್ಲೇ ಬೆಳೆದ ನಮಗಿಬ್ಬರಿಗೂ ಆ ಏರ್ಪಾಟಿನಲ್ಲಿ ಮೋಸವಿದೆ ಎಂದು ಹೊಳೆಯಲೇ ಇಲ್ಲ. ವಿಶ್ವವಿದ್ಯಾಲಯಕ್ಕೆ ಬೇಕಾದದ್ದು ತೀರ್ಥಹಳ್ಳಿಗೆ ಒಂದು ಆಳು, ಶಿಬಿರಕ್ಕೆ ಒಂದು ಆಳು. ಕಳಿಸಿದೆವು. ತರಗತಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿಯವರೇ ತುಂಬಿದ್ದ ಆ ತರಗತಿಯಲ್ಲಿ ಒಬ್ಬರೂ ಅದನ್ನು ಮಾತಾಡಲಿಲ್ಲ. ಮಾತಾಡುವಂಥದ್ದು ಅದರಲ್ಲಿ ಏನಿತ್ತು?

ನನಗಂತೂ ಬಹಳ ಸಮಾಧಾನವಾಯಿತು. ಕದ್ದದ್ದನ್ನು ಕದ್ದವಳ ಹೆಸರಿನಲ್ಲೇ ಉಳಿಸಿ, ಉಪಯೋಗವನ್ನು ಮಾತ್ರ ಕಳೆದುಕೊಂಡವಳಿಗೆ ಕೊಡುವ ಇಂಥ ಒಪ್ಪಂದ ಎಲ್ಲರಿಗೂ ಸಿಗುವುದಿಲ್ಲ.

ಶಿಬಿರ ನಡೆದದ್ದು ಹೊಸನಗರ ರಸ್ತೆಯಲ್ಲಿ ಹಿನ್ನೀರಿನ ದಂಡೆಯ ಒಂದು ರೆಸಾರ್ಟಿನಲ್ಲಿ. ಬೆನ್ನ ಮೇಲೆ ಗೆಳತಿಯ ಹೆಸರು ಅಚ್ಚಾಗಿದ್ದ ಟೀ ಶರ್ಟು ಹಾಕಿಕೊಂಡು ನಾನು ಹೋದೆ. ತರಬೇತುದಾರರು ಎರಡು ದಿನವೂ ನನ್ನನ್ನು ಅವಳ ಹೆಸರಿನಿಂದಲೇ ಬಹಳ ಆತ್ಮೀಯವಾಗಿ ಕರೆದರು. ಮೊದಲ ಚಟುವಟಿಕೆಗೆ ಹತ್ತು ಹತ್ತು ಜನರನ್ನು ವೃತ್ತಾಕಾರದಲ್ಲಿ ಕೂರಿಸಿದರು.

“ಯಾರೂ ಯಾರನ್ನೂ ಆರಿಸೋ ಹಾಗಿಲ್ಲ. ನಿಮ್ಮ ಮಧ್ಯದಿಂದ ಒಬ್ಬ ಲೀಡರ್ ತಾನಾಗೇ ಹೊರಗೆ ಬರಬೇಕು,” ಎಂದರು.

ಮಲೆನಾಡಿನ ಹತ್ತು ಜನರಿಂದ ಒಬ್ಬರು ತಾವಾಗಿ ಹೊರಗೆ ಬರುವುದು ಎಷ್ಟು ಕಷ್ಟ ಎಂದು ಬೆಂಗಳೂರಿನವರಿಗೆ ಯಾರು ಹೇಳಬೇಕು.

“ನೀವ್ ಶುರು ಮಾಡಿ.”

“ಛೆ ಛೆ, ನೀವೇ ಮಾಡಿ, ದೊಡ್ಡವ್ರು.”

“ಎಂತ ದೊಡ್ಡವ್ನು ಮಾರಾಯ, ಎರಡು ತಿಂಗ್ಳು ದೊಡ್ಡವ್ನು. ಹುಡ್ಗೀರು ಹೇಳ್ಲಿ.”

“ಹುಡ್ಗೀರಿಗೆ ಯಾಕೆ ತಂದ್ ಹಾಕ್ತೀರಾ?”

ಹೀಗೇ ಇಪ್ಪತ್ತು ನಿಮಿಷ. ತರಬೇತುದಾರರು ಎದುರಿಗೆ ಕೂತು ಬರೆದುಕೊಳ್ಳುತ್ತಲೇ ಇದ್ದರು. ಸೆಕೆಯಾಗುತ್ತಿತ್ತು. ನಾನು ಎದ್ದು ಫ್ಯಾನ್ ಹಾಕಿ, ಎಲ್ಲರಿಗೂ ನೀರು ತಂದುಕೊಟ್ಟೆ. ಆ ಟಿಪ್ಪಣಿಯನ್ನು ಆಮೇಲೆ ನೋಡಿದೆ. ‘ಸಹಾಯ ಮಾಡುವ ಸ್ವಭಾವ. ನಾಯಕತ್ವದ ಗುಣ ಕಾಣುವುದಿಲ್ಲ.’ ಮೇಲೆ ಗೆಳತಿಯ ಹೆಸರು.

ಮಧ್ಯಾಹ್ನದ ಚಟುವಟಿಕೆ ಗೋಪುರ ಕಟ್ಟುವುದು. ವಿದೇಶದಲ್ಲಿ ಇದನ್ನು ಸ್ಪೆಗೆಟಿಯ ಕಡ್ಡಿಗಳಿಂದ ಕಟ್ಟಿ, ತುದಿಯಲ್ಲಿ ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಮಿಠಾಯಿ ಇಡುತ್ತಾರಂತೆ. ಸಾಗರದ ಅಂಗಡಿಗಳಲ್ಲಿ ಎರಡೂ ಸಿಕ್ಕಿರಲಿಲ್ಲ. ಬದಲಿಗೆ ಶಾವಿಗೆ ಮತ್ತು ಕೊಬ್ಬರಿ ಮಿಠಾಯಿ ತಂದಿದ್ದರು. ಕೂದಲೆಳೆಯಂಥ ಶಾವಿಗೆಯ ಮೇಲೆ ಕೊಬ್ಬರಿ ಮಿಠಾಯಿಯ ತುಂಡು ನಿಲ್ಲಿಸಲು ಐದು ತಂಡಗಳು ಒಂದು ಗಂಟೆ ಹೆಣಗಿದವು. ನಮ್ಮ ತಂಡ ಹತ್ತನೆಯ ನಿಮಿಷಕ್ಕೇ ಮಿಠಾಯಿಯನ್ನು ಹಂಚಿಕೊಂಡು ತಿಂದು ಮುಗಿಸಿತು. ಸೋಲಿನಿಂದ ಏನು ಕಲಿತಿರಿ ಎಂದು ಕೇಳಿದಾಗ, ಶಾವಿಗೆಗೆ ಹಾಲು ಸಕ್ಕರೆ ಕೊಟ್ಟಿದ್ದರೆ ಇನ್ನೂ ಚೆನ್ನಾಗಿ ಕಲಿಯುತ್ತಿದ್ದೆವು ಎಂದು ಹಿಂದಿನಿಂದ ಯಾರೋ ಹೇಳಿದರು. ಆ ಮಾತು ನನ್ನದೇ ಎಂದು ಕೆಲವೊಮ್ಮೆ ಅನ್ನಿಸುತ್ತದೆ. ಅಲ್ಲ. ಡೈರಿಯಲ್ಲಿ ‘ಯಾರೋ’ ಎಂದೇ ಇದೆ.

ಅತ್ತ ಗೆಳತಿ ಪ್ರತಿ ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗಿ, ಸಂಜೆ ತಿರುಗಿ ಬರುತ್ತಿದ್ದಳು. ಮೊದಲ ದಿನ ನಡೆದದ್ದನ್ನು ಆ ಅಮ್ಮನ ದನಿಯಲ್ಲೇ ಮಾಡಿ ತೋರಿಸಿದಳು. ಅವರು ವಿಶ್ವವಿದ್ಯಾಲಯದ ಕಾಗದ ನೋಡಿ, “ಈ ಹೆಸ್ರು ನಿಂದನೇ?” ಎಂದರಂತೆ.

“ಅಲ್ಲಮ್ಮ. ಅವ್ಳ ಬದ್ಲಿಗೆ ನಾ ಬಂದೆ. ನನ್ ಬದ್ಲಿಗೆ ಅವ್ಳು ಇನ್ನೊಂದ್ ಕಡೆ ಹೋಗ್ತಾಳೆ.”

“ಹಂಗಾ, ಮುಯ್ಯಾಳು. ಸರಿ. ತಿಂಡಿ ಆಯ್ತನೆ?”

ಅಲ್ಲಿಗೆ ವಿಚಾರಣೆ ಮುಗಿಯಿತು. ತಿಂಡಿ ತಿಂದ ಮೇಲೆ ಇವಳ ಕೈಗೆ ಒಂದು ಬ್ರಷ್ ಕೊಟ್ಟು ಹಾಳೆಯ ರಾಶಿಯ ಮುಂದೆ ಕೂರಿಸಿದರು. ಎರಡು ಶನಿವಾರ ಬರೀ ಹಾಳೆ ತೊಳೆದದ್ದೇ. ಮೂರನೆಯ ಶನಿವಾರ ಇವಳು ಮೆಲ್ಲಗೆ, “ಅಮ್ಮ, ಮಷಿನ್?” ಎಂದಳಂತೆ.

“ಮಷಿನ್ ಎಲ್ಲಿಗ್ ಓಡಿ ಹೋಗುತ್ತೆ? ನೀರು ಹೆಚ್ಚಾದ್ರೆ ತಟ್ಟೆ ಉಬ್ಬುತ್ತೆ, ಕಡಿಮೆ ಆದ್ರೆ ಸೀಳುತ್ತೆ. ಹಾಳೆ ಎಷ್ಟು ನೆಂದಿದೆ ಅಂತ ನಿನ್ನ ಬೆರಳಿಗೆ ಗೊತ್ತಾಗ್ಲಿ ಮೊದ್ಲು.”

ವಿಶ್ವವಿದ್ಯಾಲಯ ಕೊಟ್ಟಿದ್ದ ನಮೂನೆಯಲ್ಲಿ ಪ್ರತಿ ವಾರ ‘ಇಂದು ಹಂಚಿಕೊಂಡ ದೂರದೃಷ್ಟಿ’ ಎಂಬ ಜಾಗವನ್ನು ಮೆಂಟರ್ ತುಂಬಬೇಕಿತ್ತು. ಉಳಿದ ಏಳು ಜನರ ದೂರದೃಷ್ಟಿಗೆ ಆ ಜಾಗ ಸಾಲದೆ ಹೆಚ್ಚುವರಿ ಕಾಗದ ಅಂಟಿಸಲಾಗಿತ್ತು. ಇವರು ಬರೆದದ್ದು: ‘ಹಾಳೆ ತೊಳೆದಳು.’ ಮುಂದಿನ ವಾರ: ‘ಹಾಳೆ ತೊಳೆದಳು.’ ಆಮೇಲೆ: ‘ಕೈ ಸುಟ್ಟುಕೊಂಡಳು. ಎದ್ದು ಹೋಗಲಿಲ್ಲ.’ ಸಂವಹನ ಕೌಶಲ್ಯ ಎಂಬಲ್ಲಿ: ‘ಮಾತು ಕಡಿಮೆ. ಒಳ್ಳೆಯದು.’ ಎಲ್ಲ ನಮೂನೆಗಳ ಮೇಲೂ ಅಚ್ಚಾಗಿದ್ದದ್ದು ನನ್ನ ಹೆಸರು. ಅದನ್ನು ತಿದ್ದುವ ಅಗತ್ಯ ಅವರಿಗೆ ಕಂಡಿರಲಿಲ್ಲ.

ವಾರಕ್ಕೊಂದು ಫೋಟೋ ಕಳಿಸಬೇಕೆಂಬ ನಿಯಮವಿತ್ತು. ಗೆಳತಿ ತನ್ನ ಕೈ, ಅಚ್ಚಿನಿಂದ ಹೊರಬರುವ ತಟ್ಟೆ, ಹೊಗೆಯಾಡುವ ಹಾಳೆಯ ಅಂಚು, ಇವುಗಳ ಫೋಟೋ ತೆಗೆದು ನನಗೆ ಕಳಿಸುವಳು. ನಾನು ಕಾರ್ಯಕ್ರಮದ ವಾಟ್ಸಾಪ್ ಗುಂಪಿಗೆ ಹಾಕುವೆ. ‘ಬಹಳ ಕಲಾತ್ಮಕ’ ಎಂದು ಕಾರ್ಯಕ್ರಮದ ಸಂಯೋಜಕರು ಪ್ರತಿಸಲ ಹೆಬ್ಬೆರಳು ಎತ್ತಿದರು. ಅವರು ನಮಗೆ ಮಾನವ ಸಂಪನ್ಮೂಲದ ಪಾಠ ಮಾಡುತ್ತಿದ್ದ ಅಧ್ಯಾಪಕರು, ತೀರ್ಥಹಳ್ಳಿ ಕಡೆಯವರೇ.

ಮೂರು ತಿಂಗಳಾದ ಮೇಲೆ ಅವರು ನನ್ನನ್ನು ಕೋಣೆಗೆ ಕರೆಸಿದರು. ಮೇಜಿನ ಮೇಲೆ ಆ ವರದಿಗಳಿದ್ದವು. “ನೋಡಮ್ಮ, ಎಂಟು ಜನರಲ್ಲಿ ನಿಜವಾಗಿ ಏನಾದ್ರೂ ಕಲ್ತವಳು ನೀನೊಬ್ಬಳೇ. ಮೌಲ್ಯಮಾಪನ ತಂಡದ ಎದುರೇ ಸಮಾರೋಪ ಇಟ್ಟಿದ್ದೀವಿ. ಎರಡು ಮಷಿನ್ ಕೊಡೋ ಪತ್ರಾನ ನಿಂಗೆ ವೇದಿಕೆ ಮೇಲೆ ಕೊಡಿಸ್ತೀವಿ.”

ಆಗ ನಾನು ನಿಜ ಹೇಳಿದೆ. ಇದು ಡೈರಿಯಲ್ಲೂ ಇದೆ, ಹಾಗಾಗಿ ಸ್ವಲ್ಪ ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

“ಸರ್, ನಾನು ಅಲ್ಲಿಗೆ ಹೋಗಿಲ್ಲ.”

“ಯಾವತ್ತು?”

“ಯಾವತ್ತೂ.” ಮುಯ್ಯಾಳಿನ ವಿಷಯ ಹೇಳಿದೆ.

ಅವರು ಎದ್ದು ಬಾಗಿಲು ಹಾಕಿದರು. “ಯಾರ್ಯಾರಿಗೆ ಗೊತ್ತು?”

“ಕ್ಲಾಸಿಗೆಲ್ಲ ಗೊತ್ತು ಸರ್.”

“ಕ್ಲಾಸಿಗ್ ಗೊತ್ತಿದ್ರೆ ಪರವಾಗಿಲ್ಲ. ತಂಡಕ್ಕೆ ಗೊತ್ತಾಗ್ಬಾರ್ದು.” ಕುರ್ಚಿಯಲ್ಲಿ ಕೂತು ಹಣೆ ಒತ್ತಿಕೊಂಡರು. “ನಮ್ಮನೇಲೂ ನಾಟಿಗೆ ಮುಯ್ಯಾಳೇ ಕಣಮ್ಮ. ಆದ್ರೆ ಗದ್ದೇಲಿ ಹಾಜರಿ ಪುಸ್ತಕ ಇರಲ್ಲ. ಈಗ ಹೆಸ್ರು ಬದ್ಲಾಯಿಸಿದ್ರೆ ಹನ್ನೆರಡು ವರದಿ, ಹನ್ನೆರಡು ವಾರದ ಹಾಜರಿ, ಶಿಬಿರದ ಪಟ್ಟಿ, ಎಲ್ಲಾ ಸುಳ್ಳು ಅಂತಾಗುತ್ತೆ. ಆವತ್ತು ಪತ್ರ ನೀನೇ ತಗೋ. ಆಮೇಲೆ ನೀವಿಬ್ರೂ ಏನ್ ಬೇಕಾದ್ರೂ ಮಾಡ್ಕೊಳ್ಳಿ.”

ಕೋಣೆಗೆ ಬಂದು ಗೆಳತಿಗೆ ಹೇಳಿದೆ. ಅವಳು ತಕ್ಷಣ ತೀರ್ಥಹಳ್ಳಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. “ಅಮ್ಮ, ಪತ್ರದಲ್ಲಿ ಅವ್ಳ ಹೆಸ್ರೇ ಬರುತ್ತಂತೆ.”

“ಬರ್ಲಿ ಬಿಡು. ಮುಯ್ಯಾಳು ಮಾಡ್ಕಂಡವ್ರು ನೀವು, ಒಂದ್ ಮನೆಯವ್ರ ಹಂಗೇ ತಾನೆ? ನಿಮ್ಮಿಬ್ರಲ್ಲಿ ಯಾರಾದ್ರೂ ಪತ್ರ ತಗಂಡು ಬನ್ನಿ, ಮಷಿನ್ ಗಾಡಿಗ್ ಎತ್ಕೊಡಿ ಅಂತ ಹೇಳಿಟ್ಟಿದೀನಿ. ನಾ ಮಗಳ ಹೆರಿಗೆಗೆ ಮಂಗ್ಳೂರಿಗೆ ಹೊರಟಿದೀನಿ. ಬರಕ್ಕೆ ಎರಡು ಮೂರು ತಿಂಗ್ಳು ಆಗುತ್ತೆ.”

ಗೆಳತಿ ಫೋನ್ ಇಟ್ಟಳು. ಯಾವ ಪದ್ಧತಿಯ ಬಲದಿಂದ ಅವಳು ಮೂರು ತಿಂಗಳು ಅಲ್ಲಿ ಕೆಲಸ ಕಲಿತಳೋ ಅದೇ ಪದ್ಧತಿ ಈಗ ಅವಳನ್ನು ನನ್ನ ಜೊತೆ ಒಂದೇ ಆಳಾಗಿ ಎಣಿಸಿತ್ತು. ಕಲಿತವಳು ಅವಳು, ಕಾಗದ ನನ್ನದು, ಮಷಿನ್ ಕಾಗದ ತಂದವರದು.

“ನೀ ತಗಂಡು ನಂಗೆ ಕೊಡು,” ಎಂದಳು. ಕೇಳುವ ಹಾಗೂ ಇತ್ತು, ಹೇಳುವ ಹಾಗೂ ಇತ್ತು.

“ಕೊಡ್ದೆ ಏನು?” ಎಂದೆ.

ಅವತ್ತಿನ ಡೈರಿಯಲ್ಲಿ ಈ ಮಾತುಕತೆ ಇಲ್ಲ. ಬೇರೆ ಎರಡು ವಾಕ್ಯಗಳಿವೆ. ‘ನಮ್ಮನೆಯ ಹಳೇ ಗಾಡಿ ಕೊಟ್ಟಿಗೆ ಖಾಲಿ ಇದೆ. ತ್ರೀ ಫೇಸ್ ಲೈನೂ ಇದೆ.’ ಯಾಕೆ ಬರೆದೆ ಎಂದು ನನಗೆ ನೆನಪಿಲ್ಲ. ನೆನಪಿಲ್ಲದಿರುವುದು ಎಷ್ಟು ಅನುಕೂಲ ನೋಡಿ.

ಸಮಾರೋಪದ ದಿನ ತಂಡದ ಮೂವರು ಮುಂದಿನ ಸಾಲಿನಲ್ಲಿ ಕಡತ ಹಿಡಿದು ಕೂತಿದ್ದರು. ಗೆಳತಿ ಮೂರನೆಯ ಸಾಲಿನಲ್ಲಿ, ಅದೇ ಟೀ ಶರ್ಟಿನಲ್ಲಿ ನಾಯಕರ ಜೊತೆ ಕೂತಿದ್ದಳು. ಮೊದಲು ನಾಯಕರ ಸರದಿ. ಅವಳಿಗೆ ‘ಭಾಗವಹಿಸಿದ್ದಕ್ಕಾಗಿ’ ಎಂಬ ಪ್ರಮಾಣಪತ್ರ ಸಿಕ್ಕಿತು. ಭಾಗವಹಿಸದ ಕಾರ್ಯಕ್ರಮಕ್ಕೆ ಭಾಗವಹಿಸಿದ ಪತ್ರವನ್ನು ಅವಳು ಗಂಭೀರವಾಗಿಯೇ ತೆಗೆದುಕೊಂಡು ಹೋಗಿ ಕೂತಳು.

ಆಮೇಲೆ ನನ್ನ ಹೆಸರು ಕೂಗಿದರು. ಪತ್ರ ಕೊಡಲು ವೇದಿಕೆಗೆ ಬಂದದ್ದು ಮೆಂಟರ್ ಅಲ್ಲ, ಅವರ ತಮ್ಮನ ಹೆಂಡತಿ. ಅತ್ತಿಗೆ ಮಂಗಳೂರಿಗೆ ಹೋದದ್ದರಿಂದ ಮನೆಯಿಂದ ಒಂದು ಆಳು ಬರಬೇಕಲ್ಲ ಎಂದು ಬಂದಿದ್ದರು. ಅವರು ನಮ್ಮಿಬ್ಬರನ್ನೂ ಯಾವತ್ತೂ ನೋಡಿದವರಲ್ಲ. “ಚೆನ್ನಾಗಿ ಕಲ್ತ್ಯಂತೆ, ಅತ್ತಿಗೆ ಬಾಳ ಹೇಳ್ತಿದ್ರು,” ಎಂದು ನನ್ನ ಕೆನ್ನೆ ಮುಟ್ಟಿ ಪತ್ರ ಕೊಟ್ಟರು. ಕಾಗದದಲ್ಲಿ ಇದ್ದ ಹೆಸರಿನವಳೇ ಆಗಿ ಅವತ್ತು ವೇದಿಕೆಯ ಮೇಲಿದ್ದವಳು ನಾನೊಬ್ಬಳೇ. ಅಲ್ಲಿರಲು ಯಾವ ಕಾರಣವೂ ಇಲ್ಲದವಳೂ ನಾನೊಬ್ಬಳೇ.

ಸಂಯೋಜಕರು ಮೈಕಿನಲ್ಲಿ, “ಈಗ ಎರಡು ಮಾತು,” ಎಂದರು. ನಾನು ಮೈಕಿನ ಮುಂದೆ ನಿಂತೆ.

ಇಲ್ಲಿಂದ ಮುಂದೆ ನಾನು ಹೇಳಿಕೊಂಡು ಬಂದ ಕಥೆ ಹೀಗಿದೆ: ‘ಇದು ನನ್ನದಲ್ಲ’ ಎಂದು ಮೈಕಿನಲ್ಲಿ ಹೇಳಿದೆ, ಗೆಳತಿಯನ್ನು ವೇದಿಕೆಗೆ ಕರೆದೆ, ಪತ್ರವನ್ನು ಅವಳ ಕೈಗಿತ್ತೆ, ಸಭೆ ಚಪ್ಪಾಳೆ ತಟ್ಟಿತು. ಗೆಳತಿ ವೇದಿಕೆಗೆ ಬಂದದ್ದು, ಪತ್ರ ಅವಳ ಕೈ ಸೇರಿದ್ದು, ಚಪ್ಪಾಳೆ ಬಿದ್ದದ್ದು ಮೂರೂ ನಿಜ. ಇವಕ್ಕೆ ಸಾಕ್ಷಿಗಳಿದ್ದಾರೆ. ಅವಳು ಮೆಟ್ಟಿಲು ಹತ್ತಿ ಬಂದು ನನ್ನ ಪಕ್ಕ ನಿಂತಾಗ ಸಂಯೋಜಕರ ಮುಖದಲ್ಲಿ ರಕ್ತವಿರಲಿಲ್ಲ. ತಂಡದ ಹಿರಿಯರು ಕಡತದಿಂದ ತಲೆಯೆತ್ತಿ, ಇದೇನು ನಾಯಕತ್ವದ ವಿದ್ಯಾರ್ಥಿನಿ ಮೆಂಟರ್ ಕಾರ್ಯಕ್ರಮದ ಪತ್ರ ತೆಗೆದುಕೊಳ್ಳುತ್ತಿದ್ದಾಳಲ್ಲ ಎಂದು ಕೇಳಿದರು.

ಸಂಯೋಜಕರು ಒಂದು ಕ್ಷಣ ಮೈಕನ್ನೇ ನೋಡಿದರು. “ಇದು ನಮ್ಮ ಕೇಂದ್ರದ ವಿಶೇಷ ಸರ್. ಎರಡೂ ಕಾರ್ಯಕ್ರಮಗಳ ನಡುವೆ ವಿನಿಮಯ. ಸ್ಥಳೀಯ ಕೃಷಿ ಪದ್ಧತಿಯ ಆಧಾರದ ಮೇಲೆ ರೂಪಿಸಿದ್ದೀವಿ.”

ತಂಡ ಬಹಳ ಸಂತೋಷಪಟ್ಟಿತು. ವರದಿಯಲ್ಲಿ ಅದನ್ನೇ ಅನುಕರಣೀಯ ಕ್ರಮ ಎಂದು ಬರೆದು ಹೋಯಿತು. ಮರುವರ್ಷದಿಂದ ಕೇಂದ್ರದಲ್ಲಿ ಆಯ್ಕೆಗೆ ಮೂರು ಕಾರ್ಯಕ್ರಮಗಳಾದವು. ಮೂರನೆಯದು ವಿನಿಮಯ. ಅದಕ್ಕೆ ಮೂರು ಪ್ರತಿಗಳಲ್ಲಿ ಅರ್ಜಿ, ಇಬ್ಬರ ಪೋಷಕರ ಒಪ್ಪಿಗೆ, ವಿಭಾಗದ ಮುಖ್ಯಸ್ಥರ ಸಹಿ, ಬದಲಿ ಹೋಗುವವರ ಭಾವಚಿತ್ರ. ನನಗೆ ತಿಳಿದ ಮಟ್ಟಿಗೆ ಯಾರೂ ಅದನ್ನು ಆರಿಸಿಕೊಳ್ಳಲಿಲ್ಲ. ಬೇಕಾದವರು ಅರ್ಜಿ ಹಾಕದೆ ಮಾಡಿಕೊಳ್ಳುತ್ತಿದ್ದರು.

ಗೆಳತಿ ಆ ವಾರವೇ ಗಾಡಿ ಮಾಡಿಕೊಂಡು ಹೋಗಿ ಮಷಿನ್‌ಗಳನ್ನು ತಂದಳು. ನಾನು ಸಾಗರದ ಒಂದು ಕಾಲೇಜಿನಲ್ಲಿ ಅಧ್ಯಾಪಕಿಯಾದೆ. ಏನು ಕಲಿಸುತ್ತೇನೆ ಎಂದು ಕೇಳುವುದು ಬೇಡ ಎಂದುಕೊಂಡಿದ್ದೆ, ಆದರೂ ಹೇಳುತ್ತೇನೆ. ನಾಯಕತ್ವ. ನನ್ನ ವಿದ್ಯಾರ್ಥಿಗಳು ಯಾವ ಕಾರ್ಯಕ್ರಮ ಆರಿಸಿಕೊಂಡರೆ ಒಳ್ಳೆಯದು ಎಂದು ಪ್ರತಿ ವರ್ಷ ಸಲಹೆ ಕೊಡುವ ಸಮಿತಿಯಲ್ಲೂ ಇದ್ದೇನೆ.

ಕಳೆದ ತಿಂಗಳು ಇಪ್ಪತ್ತು ವಿದ್ಯಾರ್ಥಿನಿಯರನ್ನು ಕರೆದುಕೊಂಡು ಹೊಸನಗರದ ಹತ್ತಿರ ಅವಳ ಘಟಕಕ್ಕೆ ಹೋಗಿದ್ದೆ. ಈಗ ಅಲ್ಲಿ ಆರು ಮಷಿನ್‌ಗಳಿವೆ. ಅವಳು ಒಂದರ ಮುಂದೆ ಕೂತು, ನೆನೆದ ಹಾಳೆಯನ್ನು ಬೆರಳಿನಿಂದ ಒತ್ತಿ ನೋಡಿ, ಅಚ್ಚಿಗೆ ಇಟ್ಟು, ಬಿಸಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ನಾನು ಮಕ್ಕಳಿಗೆ ನಮ್ಮ ಕಥೆ ಹೇಳಿದೆ. ಬಚ್ಚಲ ಒಲೆಯ ಅರ್ಜಿಯ ವಿಷಯ ಬಿಟ್ಟು ಉಳಿದದ್ದೆಲ್ಲ ಹೇಳಿದೆ. ವೇದಿಕೆಯ ಭಾಗಕ್ಕೆ ಬಂದಾಗ ದನಿ ತಾನಾಗಿ ಸ್ವಲ್ಪ ಏರಿತು. “ಆಗ ನಾನು ಮೈಕ್ ಹಿಡಿದು, ಇವಳನ್ನ ಮೇಲೆ ಕರೆದೆ,” ಎಂದೆ.

“ಎಂತ ಕರ್ದಿದ್ದು?” ಎಂದಳು ಗೆಳತಿ ಅಚ್ಚಿನಿಂದ ತಲೆಯೆತ್ತದೆ. “ಮೈಕ್ ಮುಂದೆ ಕಂಬದ ಹಂಗೆ ನಿಂತಿದ್ಲು ನಿಮ್ ಮೇಡಂ. ಪತ್ರ ಎರಡೂ ಕೈಲಿ ಎದೆಗೆ ಹಿಡ್ಕಂಡಿದ್ಲು. ನಾನೇ ಎದ್ದು ಹೋಗಿ ಎಳ್ಕಂಡೆ.”

ಹುಡುಗಿಯರು ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಆ ದಿನದ ಫೋಟೋ ನನ್ನ ಬಳಿ ಇದೆ. ಅದರಲ್ಲಿ ಪತ್ರದ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿದೆ. ಕೊಡುವಾಗಲೂ ಹಾಗೇ ಕಾಣುತ್ತದೆ, ಎಳೆಯುವಾಗಲೂ ಹಾಗೇ ಕಾಣುತ್ತದೆ. ಹಾಗಾಗಿ ಇಷ್ಟು ವರ್ಷ ಆ ಫೋಟೋ ನನಗೆ ತೊಂದರೆ ಕೊಟ್ಟಿರಲಿಲ್ಲ. ಮೇಲಾಗಿ ಇವಳು ಒಂದು ಸಲವೂ ನನ್ನ ಕಥೆಯನ್ನು ತಿದ್ದಿರಲಿಲ್ಲ. ಅಥವಾ ಇವಳೆದುರು ಅದನ್ನು ಹೇಳುವ ಧೈರ್ಯವನ್ನು ನಾನು ಆ ದಿನದವರೆಗೆ ಮಾಡಿರಲಿಲ್ಲ.

“ನನ್ ಕೈಲಿ ಪೂರ್ತಿ ಬರಕ್ಕೂ ಸ್ವಲ್ಪ ಹೊತ್ತು ಹಿಡೀತು,” ಎಂದು ಗೆಳತಿ ಸೇರಿಸಿದಳು. ಸಿಟ್ಟೇನೂ ಇರಲಿಲ್ಲ. ಹಾಳೆ ನೆನೆಯಲು ಎಷ್ಟು ಹೊತ್ತು ಬೇಕು ಎಂದು ಹೇಳುವ ದನಿಯಲ್ಲೇ ಹೇಳಿದಳು.

ಹಿಂದೆ ನಿಂತಿದ್ದ ಒಬ್ಬ ಹುಡುಗಿ, ಬಹುಶಃ ಈ ವರ್ಷ ಯಾವ ಕಾರ್ಯಕ್ರಮ ಆರಿಸಿಕೊಳ್ಳಲಿ ಎಂದು ನನ್ನನ್ನು ಮೂರು ಸಲ ಕೇಳಿದ್ದವಳೇ ಇರಬೇಕು, “ಮತ್ತೆ ಬಿಟ್ರಿ ಯಾಕೆ ಮೇಡಂ?” ಎಂದಳು.

ಒಳ್ಳೆಯ ಉತ್ತರಗಳು ನಾಲ್ಕೈದು ಇದ್ದವು. ಅಧ್ಯಾಪಕಿಯ ಬಾಯಲ್ಲಿ ಅವು ಯಾವಾಗಲೂ ಇರುತ್ತವೆ. ಗೆಳತಿ ಮೊದಲ ಸಲ ಅಚ್ಚಿನಿಂದ ಕಣ್ಣು ತೆಗೆದು ನನ್ನನ್ನು ನೋಡುತ್ತಿದ್ದಳು.

“ಫೋಟೋ ತೆಗೀತಿದ್ರು,” ಎಂದೆ.